ಬೆಂಗಳೂರಿನ ಫುಟ್‌ಪಾತ್ ಕೆಡುವುದು ಚಪ್ಪಡಿಯ ಕೆಳಗೆ

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಬೆಳಗ್ಗೆ ಹಾಲು ತರಲು ಹೊರಟರೆ ಕೈಯಲ್ಲಿ ಕೋಲು. ಮಂಡಿ ನೋವು ಇದ್ದೇ ಇದೆ, ಆದರೆ ಕೋಲು ಹಿಡಿದಿರುವುದು ಅದಕ್ಕಲ್ಲ. ಫುಟ್‌ಪಾತಿನ ಪ್ರತಿ ಚಪ್ಪಡಿಯನ್ನೂ ಅವರು ಮೊದಲು ಕೋಲಿನಿಂದ ಕುಟ್ಟುತ್ತಾರೆ. ಗಟ್ಟಿ ಸದ್ದು ಬಂದರೆ ಹೆಜ್ಜೆ ಇಡುತ್ತಾರೆ. ಟೊಳ್ಳು ಸದ್ದು ಬಂದರೆ ರಸ್ತೆಗೆ ಇಳಿದು ಸುತ್ತಿಕೊಂಡು ಬರುತ್ತಾರೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ.

ಬೆಂಗಳೂರಿನಲ್ಲಿ ನಾಲ್ಕು ಮಳೆಗಾಲ ಕಳೆದವರಿಗೆ ಈ ವಿದ್ಯೆ ಅಷ್ಟಿಷ್ಟು ಬಂದೇ ಇರುತ್ತದೆ. ಚಪ್ಪಡಿಯ ಒಂದು ತುದಿ ತುಳಿದರೆ ಇನ್ನೊಂದು ತುದಿ ಏಳುತ್ತದೆ. ಸಂದಿಯಿಂದ ಕಪ್ಪು ನೀರು ಚಿಮ್ಮಿ ಪ್ಯಾಂಟಿಗೆ ಬೀಳುತ್ತದೆ. ಪಾಲಿಕೆಯವರನ್ನು ಬೈದುಕೊಂಡು ಮುಂದೆ ಹೋಗುತ್ತೇವೆ. ಆದರೆ ಒಂದು ವಿಷಯ ಗಮನಿಸುವುದಿಲ್ಲ. ನಾವು ಫುಟ್‌ಪಾತ್ ಎಂದು ಕರೆಯುವ ಈ ವಸ್ತು ಹೆಚ್ಚಿನ ಬೀದಿಗಳಲ್ಲಿ ಫುಟ್‌ಪಾತೇ ಅಲ್ಲ. ಅದು ಮಳೆನೀರು ಚರಂಡಿಯ ಮುಚ್ಚಳ. ಮುಚ್ಚಳದ ಮೇಲೆ ಜನ ನಡೆಯುತ್ತಿದ್ದಾರೆ, ಅಷ್ಟೇ.

ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಫುಟ್‌ಪಾತ್ ಯಾಕೆ ಅಷ್ಟು ಎತ್ತರ? ಚರಂಡಿಯ ಗೋಡೆ ಅಷ್ಟು ಎತ್ತರಕ್ಕೆ ಬಂದಿದೆ, ಅದಕ್ಕೆ. ಯಾಕೆ ಅಷ್ಟು ಕಿರಿದು? ಚರಂಡಿ ಅಷ್ಟೇ ಅಗಲ. ಚಪ್ಪಡಿ ಯಾಕೆ ಅಲುಗಾಡುತ್ತದೆ? ಹೂಳು ತೆಗೆಯಲು ಅದನ್ನು ಎತ್ತಲೇಬೇಕು. ಎತ್ತಿದವರು ಮತ್ತೆ ಮಟ್ಟವಾಗಿ ಕೂರಿಸಿ ಹೋಗಿರುವುದನ್ನು ನಾನಂತೂ ನೋಡಿಲ್ಲ. ನಗರದ ರಸ್ತೆಗಳಿಗೆ ಮಾರ್ಗದರ್ಶಿಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಅಳತೆ ಹೇಳಿದೆ. ನಡೆಯಲು ಕಡಿಮೆ ಎಂದರೂ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು. ಅಂಚಿನ ಕಲ್ಲು 15 ಸೆಂಟಿಮೀಟರ್ ದಾಟಬಾರದು. ಒಂದು ಟೇಪು ಹಿಡಿದು ನಿಮ್ಮ ಬೀದಿಗೆ ಹೋಗಿ ನೋಡಿ. ಎತ್ತರ ಅದರ ಎರಡರಷ್ಟು ಸಿಕ್ಕರೆ ಆಶ್ಚರ್ಯಪಡಬೇಡಿ. ಅಗಲದ ಮಾತು ಬಿಡಿ. ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಮರ, ಜಾಹೀರಾತು ಫಲಕ, ಯಾರದೋ ಬೈಕು ಎಲ್ಲ ಕಳೆದು ಉಳಿದದ್ದು ನಮ್ಮದು.

ಅದಕ್ಕೇ ಜನ ರಸ್ತೆಯಲ್ಲಿ ನಡೆಯುತ್ತಾರೆ. ನಡೆಯುವವರಿಗೆ ಶಿಸ್ತಿಲ್ಲ ಎನ್ನುವವರು ಸ್ಕೂಟರಿನಿಂದ ಇಳಿದು ಒಮ್ಮೆ ಬಸ್ ಸ್ಟಾಪಿನವರೆಗೆ ನಡೆದು ನೋಡಬೇಕು. ಪ್ರತಿ ಗೇಟಿನ ಮುಂದೆ ಕಾರು ಹತ್ತಿಸಲು ಇಳಿಜಾರು ಕೊರೆದಿರುತ್ತಾರೆ. ಹತ್ತು ಮನೆ ದಾಟುವಷ್ಟರಲ್ಲಿ ಹತ್ತು ಸಲ ಇಳಿದು ಹತ್ತು ಸಲ ಹತ್ತಬೇಕು. ಎಪ್ಪತ್ತು ದಾಟಿದವರಿಗೆ ಅದು ನಡಿಗೆಯಲ್ಲ, ಮೆಟ್ಟಿಲು. ಡಾಂಬರಾದರೂ ಮಟ್ಟವಾಗಿರುತ್ತದೆ ಅಲ್ವಾ?

ಈಗ ಚಪ್ಪಡಿಯನ್ನು ಎತ್ತಿ ಒಳಗೆ ನೋಡೋಣ. ಒಂದು ಸಾಧಾರಣ ಬೀದಿಯ ಕೆಳಗೆ ಕುಡಿಯುವ ನೀರಿನ ಪೈಪು ಇದೆ, ಒಳಚರಂಡಿ ಇದೆ. ಅವೆರಡೂ ಜಲಮಂಡಳಿಯವು. ಮಳೆನೀರು ಚರಂಡಿ ಪಾಲಿಕೆಯದು. ವಿದ್ಯುತ್ ಕೇಬಲ್ ಬೆಸ್ಕಾಂನದು. ಆಮೇಲೆ ಅಡುಗೆ ಅನಿಲದ ಪೈಪು. ಮೇಲೆ, ಕೆಳಗೆ, ಮರದ ಕೊಂಬೆಯಲ್ಲಿ, ಚರಂಡಿಯೊಳಗೆ ಎಲ್ಲೆಂದರಲ್ಲಿ ಇಂಟರ್ನೆಟ್ಟಿನ ಒಎಫ್‌ಸಿ ಕೇಬಲ್. ಸಿಗ್ನಲ್ ದೀಪ ನೋಡಿಕೊಳ್ಳುವುದು ಸಂಚಾರ ಪೊಲೀಸರು. ಅವರು ಗೃಹ ಇಲಾಖೆಗೆ ಸೇರಿದವರು. ಬಸ್ ಬಿಎಂಟಿಸಿಯದು. ಇಷ್ಟು ಜನರಲ್ಲಿ ನಡೆಯುವವನ ಕಾಲಿಗೆ ಜವಾಬ್ದಾರರು ಯಾರು? ಹುಡುಕಿದರೆ ಸಿಗುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಪೈಪು ಗೊತ್ತು. ಬೀದಿ ಯಾರಿಗೂ ಗೊತ್ತಿಲ್ಲ.

ಇದು ಸುಮ್ನೆ ಕಿರಿಕಿರಿಯ ಮಾತಲ್ಲ. 2023ರ ನವೆಂಬರಿನಲ್ಲಿ, ದೀಪಾವಳಿ ಮುಗಿದ ಮುಂದಿನ ವಾರ, ಕಾಡುಗೋಡಿಯ ಹತ್ತಿರ ಬೆಳಗಿನ ಜಾವ ಬಸ್ಸಿನಿಂದ ಇಳಿದು ನಡೆಯುತ್ತಿದ್ದ ಒಬ್ಬ ತಾಯಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದರು. ಅವರೂ ಅವರ ಕೈಗೂಸೂ ಅಲ್ಲೇ ಹೋದರು. ಅವರು ರಸ್ತೆಗೆ ಇಳಿದಿರಲಿಲ್ಲ. ಸಿಗ್ನಲ್ ಮುರಿದಿರಲಿಲ್ಲ. ಎಲ್ಲಿ ನಡೆಯಿರಿ ಎಂದು ಊರು ಹೇಳುತ್ತದೋ ಅಲ್ಲೇ ನಡೆಯುತ್ತಿದ್ದರು.

ವಾಹನಗಳ ಕಡೆಗೆ ಬರೋಣ. ಇಲ್ಲಿ ಒಂದು ಒಗಟಿದೆ. ಜಗತ್ತಿನಲ್ಲೇ ಅತಿ ನಿಧಾನದ ನಗರಗಳ ಪಟ್ಟಿಯಲ್ಲಿ ಬೆಂಗಳೂರಿಗೆ ಖಾಯಂ ಜಾಗ. 10 ಕಿಲೋಮೀಟರ್ ದಾಟಲು ಸುಮಾರು ಅರ್ಧ ಗಂಟೆ. ಆಮೆಯ ಹಾಗೆ ತೆವಳುವ ಈ ಊರಿನಲ್ಲಿ 2023ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 900ಕ್ಕೂ ಜಾಸ್ತಿ. ವಾಹನ ಓಡುವುದೇ ಇಲ್ಲ ಎಂದ ಮೇಲೆ ಇಷ್ಟು ಜನ ಸಾಯುವುದು ಹೇಗೆ?

ಉತ್ತರ ಗಡಿಯಾರದಲ್ಲಿದೆ. ಸಂಜೆ ಆರರ ಟ್ರಾಫಿಕ್‌ಗೆ ಜಾಗ ಸಾಲದು ಎಂದು ನಾವು ರಸ್ತೆ ಅಗಲ ಮಾಡುತ್ತೇವೆ. ಫ್ಲೈಓವರ್ ಕಟ್ಟುತ್ತೇವೆ. ಸಿಗ್ನಲ್ ತೆಗೆದು ಅಂಡರ್‌ಪಾಸ್ ಹಾಕುತ್ತೇವೆ. ಸಂಜೆ ಆರಕ್ಕೆ ಅಲ್ಲಿ ಜಾಮ್ ಇದ್ದೇ ಇರುತ್ತದೆ. ಆದರೆ ಅದೇ ರಸ್ತೆ ರಾತ್ರಿ ಹನ್ನೊಂದಕ್ಕೆ, ಬೆಳಗಿನ ಜಾವ ಐದಕ್ಕೆ ಖಾಲಿ ಬಿದ್ದಿರುತ್ತದೆ. ಖಾಲಿ, ಅಗಲ, ನೇರ. ಹೊಸೂರು ರಸ್ತೆ, ಬಳ್ಳಾರಿ ರಸ್ತೆ, ಹೊರವರ್ತುಲ ರಸ್ತೆಗಳ ಆಸುಪಾಸಿನಲ್ಲಿ ಇರುವವರಿಗೆ ಆ ಹೊತ್ತಿನ ಸದ್ದು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಜಾಮ್‌ಗೆ ಮದ್ದು ಎಂದು ಕೊಟ್ಟದ್ದು ರಾತ್ರಿ ವಿಷವಾಗುತ್ತದೆ.

ವೇಗದ ಲೆಕ್ಕ ಶಾಲೆಯ ಗಣಿತದಷ್ಟೇ ಸರಳ. ಮಗು ಚೆಂಡಿನ ಹಿಂದೆ ಓಡಿ ರಸ್ತೆಗೆ ಬಂತು ಎನ್ನಿ. ಚಾಲಕನ ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡು ಬೇಕು. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಣಗಿದ ರಸ್ತೆಯಲ್ಲಿ ಸುಮಾರು 13 ಮೀಟರಿಗೆ ಪೂರ್ತಿ ನಿಂತೇಬಿಡುತ್ತದೆ. 50ರಲ್ಲಿ ಬರುವ ಕಾರು ಅದೇ 13 ಮೀಟರ್ ದಾಟುವಾಗ ಚಾಲಕನ ಕಾಲು ಇನ್ನೂ ಬ್ರೇಕ್ ಮುಟ್ಟಿರುವುದಿಲ್ಲ. ಮಗು 13 ಮೀಟರ್ ದೂರದಲ್ಲಿದ್ದರೆ ಒಂದು ಕಾರು ಅದರ ಮುಂದೆ ನಿಂತಿತು. ಇನ್ನೊಂದು ಪೂರ್ತಿ 50ರ ವೇಗದಲ್ಲೇ ಗುದ್ದಿತು. ಇಬ್ಬರು ಚಾಲಕರೂ ಒಳ್ಳೆಯವರೇ, ಇಬ್ಬರೂ ಕುಡಿದಿರಲಿಲ್ಲ, ಇಬ್ಬರ ಹತ್ತಿರವೂ ಲೈಸೆನ್ಸ್ ಇತ್ತು.

ಸ್ವೀಡನ್ 1997ರಲ್ಲಿ ತನ್ನ ರಸ್ತೆ ನೀತಿಯನ್ನು ಈ ಲೆಕ್ಕದ ಮೇಲೇ ಕೂರಿಸಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದ ಹಾಗೆ ರಸ್ತೆ ಕಟ್ಟಬೇಕು ಎಂದಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ವೇಗವನ್ನು 30ಕ್ಕೆ ಇಳಿಸಿತು. 2024ರ ಜುಲೈನಿಂದ 2025ರ ಜುಲೈವರೆಗೆ, ಇಡೀ ಒಂದು ವರ್ಷ, ಆ ಊರಿನ ರಸ್ತೆಗಳಲ್ಲಿ ಒಬ್ಬರೂ ಸಾಯಲಿಲ್ಲ. ಏಳು ಲಕ್ಷ ಹತ್ತಿರ ಜನ ಇರುವ ಊರು. ನಮ್ಮ ಜನಸಂಖ್ಯೆಗೂ ಅವರದಕ್ಕೂ ಹೋಲಿಕೆ ಇಲ್ಲ, ನಿಜ. ಆದರೂ ಸೊನ್ನೆ ಎಂದರೆ ಸೊನ್ನೆ.

ಬೋರ್ಡು ಹಾಕಿದರೆ ವೇಗ ಇಳಿಯುತ್ತದೆಯೇ ಎಂದು ನೀವು ಕೇಳಬಹುದು. ಇಳಿಯುವುದಿಲ್ಲ. ನಮ್ಮಲ್ಲೂ ಶಾಲೆಗಳ ಮುಂದೆ ಬೋರ್ಡುಗಳಿವೆ. ಚಾಲಕ ಬೋರ್ಡು ಓದುವುದಿಲ್ಲ, ರಸ್ತೆಯನ್ನು ಓದುತ್ತಾನೆ. ಅಗಲ ಇದ್ದರೆ ಒತ್ತುತ್ತಾನೆ. ಕಿರಿದಾದರೆ, ಪಕ್ಕದಲ್ಲಿ ಮರ ಬಂದರೆ, ತಿರುವು ಬಿಗಿಯಾದರೆ ತಾನಾಗಿ ನಿಧಾನವಾಗುತ್ತಾನೆ. ನಮ್ಮ ಮೂಲೆಗಳನ್ನು ನೋಡಿ. ವಾಹನ ಸಲೀಸಾಗಿ ತಿರುಗಲಿ ಎಂದು ಅಗಲವಾಗಿ ಗುಂಡಗೆ ಕತ್ತರಿಸಿರುತ್ತಾರೆ. ಅದರ ಮೇಲೆ ಫ್ರೀ ಲೆಫ್ಟ್. ಫ್ರೀ ಯಾರಿಗೆ? ಎಡಕ್ಕೆ ತಿರುಗುವವರ ಸಾಲು ಮುಗಿಯುವುದೇ ಇಲ್ಲ. ದಾಟಬೇಕಾದವನು ಕೈ ತೋರಿಸುತ್ತಾ, ನಾಲ್ಕು ಹೆಜ್ಜೆ ಓಡುತ್ತಾ, ದೇವರ ಮೇಲೆ ಭಾರ ಹಾಕಿ ದಾಟುತ್ತಾನೆ.

ಬಡಾವಣೆಯ ಜನರಿಗೆ ಗೊತ್ತಿರುವ ಒಂದೇ ಅಸ್ತ್ರ ಹಂಪ್ಸ್. ರಾತ್ರೋರಾತ್ರಿ ಒಂದು ಸಾಲು ಡಾಂಬರು ಸುರಿದು ಗುಡ್ಡ ಮಾಡಿಬಿಡುತ್ತಾರೆ. ನಿಯಮದ ಪ್ರಕಾರ ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂದರೆ ನಿಧಾನವಾಗಿ ಹತ್ತಿ ನಿಧಾನವಾಗಿ ಇಳಿಯುವ ದಿಬ್ಬ. ನಮ್ಮವು ಮಲಗಿದ ಹೆಬ್ಬಾವಿನಂತೆ. ಬಣ್ಣವೂ ಇಲ್ಲ, ದೀಪವೂ ಇಲ್ಲ. ಕತ್ತಲಲ್ಲಿ ಬೈಕಿನವರು ಹಾರಿ ಬೀಳುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರು ಏನೂ ಪ್ರಯತ್ನವೇ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ವರ್ಷಗಳ ಹಿಂದೆ ಇಲ್ಲೇ, ಎಂ.ಜಿ. ರಸ್ತೆಯ ಸುತ್ತಮುತ್ತ, ಬೀದಿಯನ್ನು ಬುಡದಿಂದ ಕಟ್ಟುವುದು ಹೇಗೆ ಎಂದು ಈ ಊರು ಮಾಡಿ ತೋರಿಸಿದೆ. ಅದೇ ಟೆಂಡರ್‌ಶ್ಯೂರ್.

ಜನ ಅರ್ಬನ್ ಸ್ಪೇಸ್ ಎಂಬ ಸಂಸ್ಥೆ ಅದರ ನಕ್ಷೆ, ನಿಯಮ ಎಲ್ಲ ಬರೆದುಕೊಟ್ಟಿತು. ಮೊದಲ ಹಂತದಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠ್ಠಲ್ ಮಲ್ಯ ರಸ್ತೆ ಮುಂತಾದ ಕೆಲವೇ ರಸ್ತೆಗಳು. ಯೋಚನೆ ನೋಡಿದರೆ ಸರಳ. ಮೊದಲು ನೆಲದ ಕೆಳಗಿನ ಸಂಸಾರ ಸರಿ ಮಾಡಿ, ಆಮೇಲೆ ಮೇಲಿನದು. ನೀರಿಗೆ ಒಂದು ಸಾಲು, ವಿದ್ಯುತ್ತಿಗೆ ಒಂದು ಕೊಳವೆ, ಒಎಫ್‌ಸಿಗೆ ಬೇರೆ ಕೊಳವೆ. ಅಲ್ಲಲ್ಲಿ ಬಾಗಿಲು. ಮುಂದೆ ಯಾರೇ ಹೊಸ ಕೇಬಲ್ ಎಳೆಯಬೇಕಾದರೂ ಬಾಗಿಲು ತೆಗೆದು ಕೊಳವೆಯಲ್ಲಿ ತೂರಿಸಿದರೆ ಆಯ್ತು. ರಸ್ತೆಯ ಹೊಟ್ಟೆ ಬಗೆಯುವ ಅಗತ್ಯವಿಲ್ಲ. ಇವೆಲ್ಲವನ್ನೂ ಹಾಕಿದ್ದು ಹೆಚ್ಚಾಗಿ ಫುಟ್‌ಪಾತಿನ ಕೆಳಗೆ. ಹಾಗಾಗಿ ಫುಟ್‌ಪಾತ್ ಅಗಲ ಮಾಡಲೇಬೇಕಾಯಿತು. ಅಂದರೆ ನಡೆಯುವವರಿಗೆ ಜಾಗ ಸಿಕ್ಕಿದ್ದು ಯಾರದೋ ಕರುಣೆಯಿಂದಲ್ಲ, ಪೈಪುಗಳಿಗೆ ಜಾಗ ಬೇಕಾದ್ದರಿಂದ. ಆ ಜಾಣತನ ನನಗೆ ತುಂಬ ಇಷ್ಟ.

ಇನ್ನೊಂದು ಕೆಲಸವನ್ನೂ ಮಾಡಿದರು. ಆ ರಸ್ತೆಗಳು ಹಿಂದೆ ಒಂದೊಂದು ಕಡೆ ಒಂದೊಂದು ಅಗಲ ಇದ್ದವು. ಇಲ್ಲಿ ಐದು ಗಾಡಿ ಪಕ್ಕಪಕ್ಕ ಹೋಗಬಹುದು, ನೂರು ಮೀಟರ್ ಮುಂದೆ ಮೂರೇ. ಐದು ಸಾಲು ಮೂರಾಗುವ ಕಡೆ ನುಗ್ಗಾಟ, ಹಾರ್ನು, ಜಾಮ್. ಟೆಂಡರ್‌ಶ್ಯೂರ್ ಇಡೀ ರಸ್ತೆಗೆ ಒಂದೇ ಅಗಲ ಕೊಟ್ಟಿತು. ಮಿಕ್ಕ ಜಾಗವೆಲ್ಲ ಫುಟ್‌ಪಾತಿಗೆ, ಗಿಡಕ್ಕೆ, ನಿಲುಗಡೆಗೆ ಹೋಯಿತು. ಆಗ ಎಷ್ಟು ಗಲಾಟೆ ನಡೆಯಿತು! ಬೆಂಗಳೂರಿನಲ್ಲಿ ರಸ್ತೆ ಕಿರಿದು ಮಾಡುವ ಹುಚ್ಚರು ಯಾರು ಎಂದರು. ದುಡ್ಡು ದಂಡ ಎಂದರು. ಸಾಮಾನ್ಯ ಡಾಂಬರಿಗಿಂತ ಖರ್ಚು ಹಲವು ಪಟ್ಟು ಜಾಸ್ತಿ, ಅದೂ ನಿಜ. ಕೆಲಸ ನಡೆಯುವಾಗ ಅಂಗಡಿಗಳ ಮುಂದೆ ತಿಂಗಳುಗಟ್ಟಲೆ ಗುಂಡಿ.

ಈಗ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ನಡೆದು ನೋಡಿ. ಕಲ್ಲು ಸ್ವಲ್ಪ ಕಪ್ಪಾಗಿದೆ, ಕೆಲವು ಕಡೆ ಸಡಿಲವಾಗಿದೆ. ಆದರೂ ಇಬ್ಬರು ಮಾತಾಡಿಕೊಂಡು ಪಕ್ಕಪಕ್ಕ ನಡೆಯಬಹುದು. ಬೆಂಗಳೂರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಗಂಡ ಹೆಂಡತಿ ವಾಕಿಂಗ್ ಹೊರಟರೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಇಬ್ಬರೂ ನೆಲ ನೋಡಿಕೊಂಡು.

ಟೆಂಡರ್‌ಶ್ಯೂರ್‌ನಲ್ಲಿ ತಪ್ಪೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ರಸ್ತೆಗಳಲ್ಲಿ ಹಲವು ಒನ್‌ವೇ. ಒನ್‌ವೇಯಲ್ಲಿ ಎದುರಿನಿಂದ ಗಾಡಿ ಬರುವ ಭಯವಿಲ್ಲ, ಹಾಗಾಗಿ ವೇಗ ಏರುತ್ತದೆ. ಬದಿಯಲ್ಲಿ ಆರಾಮಾಗಿ ನಡೆಯಬಹುದು, ದಾಟುವುದು ಮಾತ್ರ ಕಷ್ಟ. ಇನ್ನೊಂದು ಮಾತು, ಆರಿಸಿಕೊಂಡ ರಸ್ತೆಗಳು. ಊರಿನ ಅತಿ ಶ್ರೀಮಂತ ಮೂಲೆ ಅದು. ಪೀಣ್ಯದ ಕಾರ್ಖಾನೆಗೆ ನಡೆದು ಹೋಗುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ದಾರಿಯಲ್ಲಿ ಇದೇ ಕೆಲಸ ಮೊದಲು ನಡೆದಿದ್ದರೆ ಟೀಕೆಯ ಬಾಯಿ ಅರ್ಧ ಮುಚ್ಚುತ್ತಿತ್ತು.

ಪಕ್ಕದ ಚರ್ಚ್ ಸ್ಟ್ರೀಟಿನ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ. ಪುಸ್ತಕದಂಗಡಿ, ಕಾಫಿ, ಹೋಟೆಲು. 2018ರಲ್ಲಿ ಕಲ್ಲು ಹಾಸಿ ಹೊಸದಾಗಿ ತೆರೆದರು. 2020ರ ನವೆಂಬರಿನಲ್ಲಿ, ಕೊರೊನಾದ ಮಧ್ಯೆ, ನಗರ ಭೂಸಾರಿಗೆ ನಿರ್ದೇಶನಾಲಯ ಒಂದು ಪ್ರಯೋಗ ಶುರು ಮಾಡಿತು. ಶನಿವಾರ, ಭಾನುವಾರ ಗಾಡಿ ಪ್ರವೇಶವಿಲ್ಲ. ಜನ ಬಂದರು. ಮಕ್ಕಳು ರಸ್ತೆ ನಡುವೆ ಓಡಾಡಿದರು. ಬ್ರಿಗೇಡ್ ರಸ್ತೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹಾರ್ನ್ ಇಲ್ಲದ ಬೀದಿಯಲ್ಲಿ ನಿಂತಾಗ ಕಿವಿಗೇ ನಂಬಿಕೆ ಬರಲಿಲ್ಲ. ಮುಂದಿನ ವರ್ಷ ಪ್ರಯೋಗ ಮುಗಿಯಿತು. ಗಾಡಿಗಳು ಮರಳಿದವು. ಕಲ್ಲು ಭಾರ ತಾಳದೆ ಅಲ್ಲಲ್ಲಿ ಎದ್ದಿತು. ಅದಕ್ಕೆ ಹಾಕಿದ ತೇಪೆ ನೋಡಿದರೆ, ಒಳ್ಳೆಯ ರೇಷ್ಮೆ ಸೀರೆಗೆ ಗೋಣಿ ಚೀಲದ ತುಂಡು ಹೊಲಿದ ಹಾಗೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಕಲ್ಲು ಹಾಸು ಹೆಚ್ಚು ದಿನ ತಡೆಯದೆ ಮತ್ತೆ ಕೆಲಸ ಮಾಡಿಸಬೇಕಾಯಿತು.

ಯಾಕೆ ಹೀಗೆ? ನನ್ನ ಲೆಕ್ಕ ಇಷ್ಟು. ನಮ್ಮ ವ್ಯವಸ್ಥೆಯಲ್ಲಿ ಹೊಸ ಕಾಮಗಾರಿಗೆ ಟೆಂಡರ್ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರು ಇದೆ. ಒಂದು ಕಲ್ಲು ಸಡಿಲವಾದ ಮರುದಿನ ಬಂದು ಕೂರಿಸುವ ಮೇಸ್ತ್ರಿಗೆ ಸಂಬಳ ಇಲ್ಲ. ಮೊದಲ ಕಲ್ಲು ಎದ್ದಾಗ ಅದು ಇನ್ನೂರು ರೂಪಾಯಿ ಕೆಲಸ. ಅದರ ಸಂದಿಯಲ್ಲಿ ನೀರಿಳಿದು ಮಣ್ಣು ಕರಗಿ ಇಪ್ಪತ್ತು ಕಲ್ಲು ಎದ್ದಾಗ ಹೊಸ ಟೆಂಡರ್. ಹಳ್ಳಿಯಲ್ಲಿ ಹಂಚಿನ ಮನೆ ನೋಡಿದವರಿಗೆ ಇದು ಗೊತ್ತು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸದಿದ್ದರೆ ಮೂರು ವರ್ಷಕ್ಕೆ ತೊಲೆಯೇ ಹೋಗುತ್ತದೆ.

ಗಾಂಧಿ ಬಜಾರಿನ ವಿಷಯ ಬೇರೆ ತರಹದ್ದು. ಅಲ್ಲಿ ಪ್ರಶ್ನೆ ಕಲ್ಲಿನದಲ್ಲ, ಮನುಷ್ಯರದು. ಹೂವು, ಹಣ್ಣು, ಬಾಳೆಎಲೆ, ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿಲ್ಲದ ಬೀದಿ. ಅದನ್ನು ನಡೆಯುವವರ ಬೀದಿ ಮಾಡುತ್ತೇವೆ ಎಂದು ಕೆಲಸ ಶುರುವಾದಾಗ ಅಂಗಡಿಯವರು ಎದ್ದು ನಿಂತರು. ಕಾರು ನಿಲ್ಲಿಸಲು ಆಗದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ಒಂದು ಭಯ. ಅಗೆದ ರಸ್ತೆ ಮುಚ್ಚುವಷ್ಟರಲ್ಲಿ ವ್ಯಾಪಾರ ಮುಳುಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಅಷ್ಟು ಒಪ್ಪುವುದಿಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ಗಂಟೆಗೆ ಎಷ್ಟು ಗಿರಾಕಿ ಬಂದಾರು? ನಡೆದು ಬರುವವರೇ ಅಲ್ಲಿ ಜಾಸ್ತಿ. ಆದರೆ ಎರಡನೆಯ ಭಯ ಪೂರ್ತಿ ನಿಜ. ಆರು ತಿಂಗಳು ಎಂದು ಶುರುವಾದ ಕೆಲಸ ಆರು ತಿಂಗಳಿಗೆ ಮುಗಿದದ್ದನ್ನು ಈ ಊರಿನ ಯಾವ ಅಂಗಡಿಯವರೂ ಕಂಡಿಲ್ಲ. ನಂಬಿ ಎಂದರೆ ಹೇಗೆ ನಂಬುತ್ತಾರೆ?

ಬುಟ್ಟಿ ಇಟ್ಟುಕೊಂಡು ಕೂತ ಹೂವಿನವರ ಪಾಡು ಇನ್ನೂ ಸೂಕ್ಷ್ಮ. ಫುಟ್‌ಪಾತ್ ತೆರವು ಎಂದ ಕೂಡಲೇ ಮೊದಲು ಏಳಿಸುವುದು ಇವರನ್ನು. ಟ್ರಾನ್ಸ್‌ಫಾರ್ಮರ್ ಏಳುವುದಿಲ್ಲ. ಅಂಗಡಿಯ ಮುಂದೆ ನಿಂತ ಬೈಕು ಏಳುವುದಿಲ್ಲ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಸಮೀಕ್ಷೆ ಮಾಡಿ, ಗುರುತಿನ ಚೀಟಿ ಕೊಟ್ಟು, ಜಾಗ ಗೊತ್ತು ಮಾಡಿ, ಆಮೇಲೆ ಬೇಕಾದರೆ ಏಳಿಸಿ ಎನ್ನುತ್ತದೆ ಅದು. ಕಾನೂನಿನ ಮಾತು ಒಂದು ಕಡೆ ಇರಲಿ. ರಾತ್ರಿ ಒಂಬತ್ತೂವರೆಗೆ ಬಸ್ ಇಳಿದು ಮನೆಗೆ ನಡೆಯುವ ಹೆಣ್ಣುಮಗಳನ್ನು ಕೇಳಿ. ಗೋಡೆಯುದ್ದಕ್ಕೂ ಖಾಲಿ ಬಿದ್ದ ಚೊಕ್ಕ ಫುಟ್‌ಪಾತಿನಲ್ಲಿ ಅವಳಿಗೆ ಧೈರ್ಯವೋ, ಮೂಲೆಯಲ್ಲಿ ಒಂದು ದೋಸೆ ಗಾಡಿ, ಒಂದು ಬೀಡಾ ಅಂಗಡಿ, ನಾಲ್ಕು ಜನ ಇರುವ ಕಡೆ ಧೈರ್ಯವೋ? ದೀಪದ ಕಂಬ ಕೊಡದ ಭದ್ರತೆಯನ್ನು ಆ ದೋಸೆ ಗಾಡಿ ಕೊಡುತ್ತದೆ. ನಡೆಯಲು 1.8 ಮೀಟರ್ ಬಿಟ್ಟು ಮಿಕ್ಕ ಜಾಗದಲ್ಲಿ ಅವರಿಗೆ ಗೆರೆ ಎಳೆದು ಕೊಡುವುದು ಬ್ರಹ್ಮವಿದ್ಯೆಯಲ್ಲ.

ದಾಟುವ ವಿಷಯಕ್ಕೆ ನಮ್ಮ ಊರು ಕಂಡುಕೊಂಡ ಉತ್ತರ ಸ್ಕೈವಾಕ್. ನನಗೆ ಇದರ ಮೇಲೆ ಮೊದಲಿನಿಂದಲೂ ಸಿಟ್ಟು. ಎರಡು ಅಂತಸ್ತಿನ ಮನೆ ಹತ್ತಿದಷ್ಟು ಮೆಟ್ಟಿಲು ಹತ್ತಿ, ದಾಟಿ, ಮತ್ತೆ ಅಷ್ಟೇ ಇಳಿಯಬೇಕು. ಲಿಫ್ಟ್ ಇದ್ದರೂ ಎಷ್ಟೋ ಕಡೆ ಬೀಗ. ಮೇಲೆ ದೊಡ್ಡ ಜಾಹೀರಾತು. ಕೆಳಗೆ ಗಾಡಿಗಳು ನಿಲ್ಲದೆ ಹೋಗಲಿ ಎಂದು ಮನುಷ್ಯನನ್ನು ಆಕಾಶಕ್ಕೆ ಹತ್ತಿಸುವ ವ್ಯವಸ್ಥೆ ಅದು. ಅದಕ್ಕೇ ಜನ ಹತ್ತುವುದಿಲ್ಲ. ಡಿವೈಡರ್ ಹಾರುತ್ತಾರೆ. ಆಮೇಲೆ ಡಿವೈಡರಿಗೆ ಕಬ್ಬಿಣದ ಬೇಲಿ ಹಾಕುತ್ತಾರೆ. ಬೇಲಿಯ ಒಂದು ಸರಳು ಯಾರೋ ಬಗ್ಗಿಸುತ್ತಾರೆ.

ಸಿಗ್ನಲ್ ಇರುವ ಕಡೆ ಸೆಕೆಂಡುಗಳನ್ನು ಎಣಿಸಿ ನೋಡಿ. ರಸ್ತೆ 24 ಮೀಟರ್ ಅಗಲ ಎನ್ನಿ. ಗಟ್ಟಿಮುಟ್ಟಾದವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ, 20 ಸೆಕೆಂಡು ಸಾಕು. ನಮ್ಮ ಮೇಷ್ಟ್ರಂಥವರು 0.8 ಮೀಟರ್. ಅವರಿಗೆ 30 ಬೇಕು. ಹಸಿರು ಮನುಷ್ಯ 15 ಸೆಕೆಂಡಿಗೆ ಮಾಯವಾದರೆ ಅವರು ಎಲ್ಲಿರುತ್ತಾರೆ? ನಡು ರಸ್ತೆಯಲ್ಲಿ. ನಡುವೆ ನಿಂತು ಉಸಿರು ಬಿಡಲು ಒಂದು ಕಟ್ಟೆ ಇದ್ದರೆ, ದಾಟುವ ಜಾಗದಲ್ಲಿ ರಸ್ತೆಯನ್ನು ಎರಡೂ ಕಡೆಯಿಂದ ಸ್ವಲ್ಪ ಕಿರಿದು ಮಾಡಿದರೆ, ಜೀಬ್ರಾ ಪಟ್ಟಿಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಎತ್ತರಿಸಿದ ಪಟ್ಟಿಯೇ ಹಂಪ್ಸ್ ಕೂಡ ಆಗುತ್ತದೆ. ಇವೆಲ್ಲ ಸೇರಿಸಿದರೂ ಒಂದು ಸ್ಕೈವಾಕಿನ ಖರ್ಚು ಬರುವುದಿಲ್ಲ. ಜಾಹೀರಾತು ಹಾಕಲು ಜಾಗವೂ ಸಿಗುವುದಿಲ್ಲ, ಅದೇ ತೊಂದರೆ ಇರಬೇಕು.

ಒಂದು ಹಳೆಯ ಮಾತು ನೆನಪಾಗುತ್ತದೆ. ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ, ಗಾಳಿ ಬೆಳಕು ಬರುವ ಹಾಗೆ ಬೀದಿಗಳನ್ನು ನೇರ ಎಳೆದರು. ಮನೆಗಳ ಹಿಂದೆ ಕಕ್ಕಸಿನ ಹೊಲಸು ಸಾಗಿಸಲೆಂದೇ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಆ ಕೆಲಸ ಯಾರ ತಲೆಗೆ ಬಿತ್ತು ಎಂಬುದು ಬೇರೆಯೇ ನೋವಿನ ಕಥೆ. ಒಳಚರಂಡಿ ಬಂದ ಮೇಲೆ ಗಲ್ಲಿಗಳು ಕಸದ ತೊಟ್ಟಿಯಾದವು. ಈಚೆಗೆ ಮಲ್ಲೇಶ್ವರದವರು ಕೆಲವು ಗಲ್ಲಿಗಳನ್ನು ತೊಳೆದು, ಗೋಡೆಗೆ ಬಣ್ಣ ಬಳಿದು ನಡೆಯುವ ದಾರಿ ಮಾಡಿಕೊಂಡಿದ್ದಾರೆ. ಗಾಡಿಯಿಲ್ಲದ ದಾರಿ ಊರಿನೊಳಗೇ ಮಲಗಿತ್ತು, ಯಾರೂ ನೋಡಿರಲಿಲ್ಲ.

ದುಡ್ಡಿಲ್ಲ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಮಾಡುವ ಯೋಜನೆ ಇದೆ. ಉದ್ದ ಸುಮಾರು 17 ಕಿಲೋಮೀಟರ್. ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಟೆಂಡರ್‌ಶ್ಯೂರ್ ಮಾದರಿಯ ರಸ್ತೆಗೆ ಇವತ್ತಿನ ಬೆಲೆಯಲ್ಲಿ ಕಿಲೋಮೀಟರಿಗೆ 15 ಕೋಟಿ ಎಂದೇ ಹಿಡಿಯೋಣ. ಆ ದುಡ್ಡಿನಲ್ಲಿ 1,100 ಕಿಲೋಮೀಟರ್ ಆಗುತ್ತದೆ. ಊರಿನ ಒಟ್ಟು ರಸ್ತೆ ಸುಮಾರು 13 ಸಾವಿರ ಕಿಲೋಮೀಟರ್. ಅದರಲ್ಲಿ ಮುಖ್ಯ ರಸ್ತೆಗಳು ಹತ್ತರಲ್ಲಿ ಒಂದು ಪಾಲು. ಅಂದರೆ ಹೆಚ್ಚುಕಮ್ಮಿ ಎಲ್ಲ ಮುಖ್ಯ ರಸ್ತೆಗಳಿಗೂ ನಡೆಯುವ ಜಾಗ, ಕೆಳಗೆ ಸರಿಯಾದ ಕೊಳವೆ. ಸುರಂಗದಲ್ಲಿ ನಡೆದು ಹೋಗಲು ಯಾರನ್ನೂ ಬಿಡುವುದಿಲ್ಲ, ಆ ಮಾತು ಬೇರೆ.

ಹೀಗಿದ್ದೂ ದುಡ್ಡು ಕೊಟ್ಟ ಮಾತ್ರಕ್ಕೆ ಆಗುತ್ತದೆ ಎಂದು ನಾನು ನಂಬುವುದಿಲ್ಲ. ಮತ್ತೆ ಚಪ್ಪಡಿಯ ಕೆಳಗಿನ ಪ್ರಶ್ನೆಗೇ ಬರಬೇಕು. ರಸ್ತೆ ಅಗೆಯುವ ಮೊದಲು ಎಲ್ಲರೂ ಒಂದು ಕಡೆ ಅರ್ಜಿ ಹಾಕಬೇಕು ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿ ವರ್ಷಗಳಾದವು. ಹೊಸ ಡಾಂಬರಿನ ಮೇಲೆ ಅಗೆತ ನಿಂತಿಲ್ಲ. ಸಾರಿಗೆಗೆ ಸಂಬಂಧಿಸಿದ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಲು 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು ವಿಧಾನಮಂಡಲ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅದರ ಕೆಳಗೆ ಐದು ಪಾಲಿಕೆಗಳು. ಪಾಲಿಕೆ ಚಿಕ್ಕದಾದರೆ ಎಂಜಿನಿಯರ್ ಕೈಗೆ ಸಿಗಬಹುದು, ಒಳ್ಳೆಯದೇ. ಆದರೆ ಒಂದೇ ರಸ್ತೆ ಎರಡು ಪಾಲಿಕೆಯ ಗಡಿಯಾದರೆ? ಎಡ ಫುಟ್‌ಪಾತ್ ಒಬ್ಬರದು, ಬಲ ಫುಟ್‌ಪಾತ್ ಇನ್ನೊಬ್ಬರದು, ನಡುವಿನ ಪೈಪು ಜಲಮಂಡಳಿಯದು.

ಕೋರ್ಟುಗಳು ತಮ್ಮ ಮಾತು ಹೇಳಿಯಾಗಿದೆ. ರಸ್ತೆ ಸರಿಯಾಗಿರಬೇಕು ಎಂಬುದು ನಾಗರಿಕರ ಮೂಲಭೂತ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿತು. ಅಡೆತಡೆಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಗವಿಕಲರೂ ಬಳಸುವ ಹಾಗಿರಬೇಕು ಎಂದೂ ಸೇರಿಸಿತು. ನಮ್ಮಲ್ಲಿ ಬೈಕಿನವರು ಫುಟ್‌ಪಾತ್ ಹತ್ತಬಾರದೆಂದು ನೆಟ್ಟ ಗಿಡ್ಡ ಕಂಬಗಳ ನಡುವೆ ಗಾಲಿಕುರ್ಚಿ ತೂರುವುದಿಲ್ಲ. ಬೈಕು ಹೇಗೋ ತೂರುತ್ತದೆ. ತೀರ್ಪು ಈ ಕಂಬದವರೆಗೆ ಇಳಿದು ಬರಲು ಎಷ್ಟು ದಿನ ಬೇಕೋ.

ಕಳೆದ ತಿಂಗಳು ಮೇಷ್ಟ್ರಿಗೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಏನೋ ಬ್ಯಾಂಕ್ ಕೆಲಸವಿತ್ತು. ನಾನೂ ಜೊತೆಗೆ ಹೋಗಿದ್ದೆ. ಮೆಟ್ರೋ ಇಳಿದು ನಡೆದೆವು. ಅಗಲವಾದ ಕಲ್ಲು ಹಾಸು, ಮೇಲೆ ಮರದ ನೆರಳು, ಪಕ್ಕದಲ್ಲಿ ಹತ್ತು ಜನ ಸಲೀಸಾಗಿ ಹೋಗುತ್ತಿದ್ದಾರೆ. ಮೇಷ್ಟ್ರು ಮಾತ್ರ ಪ್ರತಿ ಕಲ್ಲನ್ನೂ ಕೋಲಿನಿಂದ ಕುಟ್ಟಿಕೊಂಡೇ ಬಂದರು. "ಇಲ್ಲಿ ಬೇಡ ಮೇಷ್ಟ್ರೇ, ಇದು ಗಟ್ಟಿ ಇದೆ" ಅಂದೆ. "ಗೊತ್ತಪ್ಪಾ" ಅಂದರು. ಮುಂದಿನ ಕಲ್ಲನ್ನೂ ಕುಟ್ಟಿದರು.